ಬಸ್ಸು ನೋಡಿಕೊಂಡು ಬನ್ನಿ

ಸಿದ್ದಾಪುರದ ಪೇಟೆಯಲ್ಲಿ ಗಂಡ ಹೆಂಡತಿ ಇಬ್ಬರೂ ಡಾಕ್ಟರಾಗಿದ್ದ ಒಂದು ದವಾಖಾನೆಯಿತ್ತು. ಅಲ್ಲಿ ರೋಗಿಗೆ ಔಷಧಿ ಸಿಗುವ ಮೊದಲೇ ರೋಗಿಯ ಜೊತೆ ಹೋದವರಿಗೆ ಒಂದು ಕೆಲಸ ಸಿಗುತ್ತಿತ್ತು. ರೋಗಿಯನ್ನು ಕುರ್ಚಿಯ ಮೇಲೆ ಕೂರಿಸಿ, ಹೆಸರು ಕೇಳಿ, ಇನ್ನೇನು ನಾಡಿ ಹಿಡಿಯಬೇಕು ಅನ್ನುವಾಗ ಡಾಕ್ಟ್ರಮ್ಮ ಜೊತೆಗಿದ್ದವರ ಕಡೆ ತಿರುಗಿ, "ನೀವು ಹೋಗಿ ಬಸ್ಸು ನೋಡ್ಕಂಡು ಬನ್ನಿ" ಅನ್ನುತ್ತಿದ್ದರು. ಊರಿಗೆ ವಾಪಸು ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿಕೊಂಡು ಬರುವ ಕೆಲಸ ಅದು. ಹೋಗಲು ಹತ್ತು ನಿಮಿಷ, ಬರಲು ಹತ್ತು ನಿಮಿಷ, ಅಲ್ಲಿ ವಿಚಾರಿಸಲು ಐದು.

ಆ ಮಾತು ನನ್ನ ಮೇಲೆ ಮೊದಲ ಸಲ ಬಿದ್ದದ್ದು ತೊಂಬತ್ತರ ದಶಕದ ಶುರುವಿನಲ್ಲಿ, ಅಪ್ಪಯ್ಯನನ್ನು ಕರೆದುಕೊಂಡು ಹೋದಾಗ. ಆಗ ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದ ಕಾಲ. ಅಪ್ಪಯ್ಯನ ಕಾಯಿಲೆಯ ಬಗ್ಗೆ ಅಪ್ಪಯ್ಯನಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಧೈರ್ಯದಲ್ಲಿ, ಎಷ್ಟು ದಿನದಿಂದ ತಲೆ ಸುತ್ತು, ಯಾವಾಗ ಎದೆ ಹೊಡೆದುಕೊಳ್ಳುತ್ತದೆ, ಊಟ ಎಷ್ಟು, ಎಲ್ಲವನ್ನೂ ಹೇಳಲು ಶುರು ಮಾಡಿದ್ದೆ. ಡಾಕ್ಟ್ರಮ್ಮ ಎರಡು ವಾಕ್ಯ ಕೇಳಿದರು. ಮೂರನೆಯದಕ್ಕೆ ಬಸ್ಸಿನ ಮಾತು ಬಂತು.

"ಹನ್ನೆರಡೂ ಕಾಲಿಗೆ ಇದೆ. ನನಗೆ ಗೊತ್ತಿದೆ" ಅಂದೆ.

"ಗೊತ್ತಿದ್ರೂ ನೋಡ್ಕಂಡು ಬನ್ನಿ, ಮಾಸ್ತರೇ."

ಮೈಯೆಲ್ಲ ಉರಿದುಹೋಯಿತು. ದಿನವೂ ಅದೇ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಶಾಲೆಗೆ ಹೋಗುವ ಮನುಷ್ಯ ನಾನು. ಆ ವೇಳಾಪಟ್ಟಿ ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಆದರೂ ಅಪ್ಪಯ್ಯ ಕಣ್ಣಲ್ಲೇ 'ಹೋಗು' ಎಂದದ್ದರಿಂದ ಹೋದೆ. ಕಂಟ್ರೋಲರನ ಕಿಟಕಿಗೆ ತಲೆಯಿಟ್ಟು, ಹೇರೂರಿನ ಕಡೆಗೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದೆ. ಅವನು ತಲೆಯೆತ್ತದೆ, "ದವಾಖಾನೆ ಕಡೆಯಿಂದ ಬಂದ್ರಾ?" ಅಂದ.

"ನಿಮಗೆ ಹೇಗೆ ಗೊತ್ತಾಯ್ತು?"

"ಬಸ್ಸಿಗೆ ಹೋಗುವವರು ಇಷ್ಟು ಸಿಟ್ಟಲ್ಲಿ ಬರೂದಿಲ್ಲ ಮಾರಾಯ್ರೆ. ಹನ್ನೆರಡೂ ಕಾಲಿಗೆ. ಅಲ್ಲಿ ಬೆಂಚಿದೆ, ಸ್ವಲ್ಪ ಕೂತ್ಕಂಡು ಹೋಗಿ. ಬೇಗ ಹೋದ್ರೆ ಮತ್ತೆ ಕಳಿಸ್ತಾರೆ."

ಬೆಂಚಿನ ಮೇಲೆ ಆಗಲೇ ಇಬ್ಬರಿದ್ದರು. ಒಬ್ಬ ಹೆಂಡತಿಯನ್ನು ಕರೆದುಕೊಂಡು ಬಂದವನು, ಇನ್ನೊಬ್ಬ ಅತ್ತಿಗೆಯನ್ನು. ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಬೇಗ ಹೋದರೆ ಮತ್ತೆ ಕಳಿಸುತ್ತಾರೆ ಎಂಬುದನ್ನು ನಂಬದೆ ನಾನು ಎದ್ದು ಹೋದೆ. ದವಾಖಾನೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಅಪ್ಪಯ್ಯನ ನಗು ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಅಪ್ಪಯ್ಯ ಹಾಗೆ ನಗುತ್ತಿದ್ದುದೇ ಅಪರೂಪ. ಕಂಪೌಂಡರ್ ನನ್ನನ್ನು ತಡೆದು, "ಬಾಟ್ಲಿ ತಂದಿದ್ರಾ? ತಂದಿದ್ರೆ ಹಿಂದೆ ನಲ್ಲಿ ಇದೆ, ತೊಳ್ಕಂಡು ಬನ್ನಿ" ಅಂದ. ಸುಣ್ಣದ ಬಣ್ಣದ ಮಿಕ್ಸ್ಚರನ್ನು ಮನೆಯಿಂದ ತಂದ ಬಾಟಲಿಗೇ ತುಂಬಿಸಿ ಕೊಡುತ್ತಿದ್ದ ಕಾಲ ಅದು. ಮಾಸ್ತರ ಬಾಟಲಿ ತೊಳೆದ.

ಮುಂದೆ ಮೂರು ವರ್ಷ ತಿಂಗಳಿಗೊಮ್ಮೆ ಅಪ್ಪಯ್ಯನನ್ನು ಕರೆದುಕೊಂಡು ಹೋದೆ, ತಿಂಗಳಿಗೊಮ್ಮೆ ಬಸ್ಸು ನೋಡಿಕೊಂಡು ಬಂದೆ. ದವಾಖಾನೆಯ ಉಳಿದ ಕ್ರಮ ನನಗೆ ಹಿಡಿಸುತ್ತಿತ್ತು ಎಂಬುದನ್ನೂ ಹೇಳಬೇಕು. ಕಂಪೌಂಡರ್ ಬರೆಯುವ ಚೀಟಿಯಲ್ಲಿ ಹೆಸರಿನ ಕೆಳಗೆ ವಾಪಸು ಹೋಗುವ ಬಸ್ಸಿನ ಹೊತ್ತು ಇರುತ್ತಿತ್ತು. ಮೊದಲು ಬಂದವರನ್ನಲ್ಲ, ಮೊದಲು ಹೋಗಬೇಕಾದವರನ್ನು ಒಳಗೆ ಕರೆಯುತ್ತಿದ್ದರು. ಬಸ್ಸು ತಪ್ಪೀತು ಎಂಬ ಗಡಿಬಿಡಿಯಲ್ಲಿ ಜನ ಅರ್ಧ ಕಾಯಿಲೆ ಹೇಳಿ ಎದ್ದು ಹೋಗುತ್ತಾರೆ, ಉಳಿದರ್ಧ ಮನೆಯಲ್ಲಿ ಉಲ್ಬಣಿಸುತ್ತದೆ ಎಂದು ಗಂಡ ಡಾಕ್ಟರು ಹೇಳುತ್ತಿದ್ದರು. ಅವರು ಹಾವೇರಿ ಕಡೆಯವರು, "ಬರ್ರಿ, ಕುಂದರ್ರಿ, ಅವಸರ ಬ್ಯಾಡ್ರಿ" ಅನ್ನುವವರು. ಅವರ ಅಕ್ಷರ ಮಾತ್ರ ದೇವರಿಗೂ ತಿಳಿಯುವಂಥದ್ದಲ್ಲ. ಡಾಕ್ಟ್ರಮ್ಮ ಯಲ್ಲಾಪುರ ಕಡೆಯ ನಮ್ಮದೇ ಮಾತಿನ ಮನೆಯವರು. ನನ್ನಂಥವರ ಹತ್ತಿರ ಪೇಟೆಯ ಕನ್ನಡ ಆಡಿ, ಹಳೆಯ ಹೆಂಗಸರು ಬಂದರೆ ಮನೆಮಾತಿಗೆ ಇಳಿಯುತ್ತಿದ್ದರು. ಔಷಧಿ ಸರಿಯಾಗಿ ತಗೊಳ್ಳದವರನ್ನು ಅವರು ಬೈಯುವುದು ಹೊರಗಿನ ಬೆಂಚಿನವರೆಗೂ ಕೇಳುತ್ತಿತ್ತು.

ಇಷ್ಟೆಲ್ಲ ಇದ್ದರೂ ಬಸ್ಸಿನ ವಿಷಯದಲ್ಲಿ ನನ್ನ ಮುನಿಸು ಹೋಗಿರಲಿಲ್ಲ. ಓದಿದ ಮಗನನ್ನು ಹೊರಗೆ ಕಳಿಸಿ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅಪ್ಪಯ್ಯನ ಮಾತು ಕೇಳುವುದೆಂದರೆ ಯಾವ ಸೀಮೆ ಡಾಕ್ಟರಿಕೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗುತ್ತಿದ್ದೆ.

ಆ ಮೂರನೇ ವರ್ಷ ಮಳೆಗಾಲದ ಮುಂಚೆ, ಅಪ್ಪಯ್ಯ ಪ್ರತಿ ವರ್ಷದಂತೆ ನಾಲ್ಕು ತಿಂಗಳ ಮಾತ್ರೆಯನ್ನು ಒಟ್ಟಿಗೇ ಕೊಂಡು ತಂದಿಟ್ಟುಕೊಂಡ. ನಮ್ಮ ಕಡೆ ಅಕ್ಕಿ, ಉಪ್ಪು, ಒಣಮೆಣಸಿನ ಜೊತೆ ಮಾತ್ರೆಯೂ ಮಳೆಗಾಲದ ಸಾಮಾನೇ. ತಂದು ಹದಿನೈದು ದಿನವೂ ಆಗಿರಲಿಲ್ಲ. ಒಂದು ಬೆಳಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ಟವನು ಜಗಲಿಯಲ್ಲಿ ಕೂತಲ್ಲೇ ಹೋಗಿಬಿಟ್ಟ. ಕಷ್ಟಪಡಲಿಲ್ಲ ಎಂದು ಎಲ್ಲರೂ ಹೇಳಿದರು. ನಾನೂ ಬಂದವರಿಗೆಲ್ಲ ಅದನ್ನೇ ಹೇಳಿದೆ. ಆಯಿ, ಅಂದರೆ ನನ್ನ ಅಮ್ಮ, ಏನೂ ಹೇಳಲಿಲ್ಲ. ಅವಳನ್ನು ಯಾರೂ ಕೇಳಲೂ ಇಲ್ಲ.

ಆಯಿ ಮೊದಲ ಸಲ ಬಿದ್ದದ್ದು ಅಪ್ಪಯ್ಯನ ಹದಿಮೂರು ದಿನದ ವೈದಿಕವೆಲ್ಲ ಮುಗಿದು ಒಂದೂವರೆ ತಿಂಗಳಿಗೆ, ಅಡಿಗೆಮನೆಯಲ್ಲಿ. ನಿಂತಲ್ಲೇ ಕಣ್ಣು ಕತ್ತಲೆ ಬಂತು ಅಂದಳು. ಉಪವಾಸ ಜಾಸ್ತಿಯಾಯಿತು ಎಂದು ನಾನು ತೀರ್ಮಾನಿಸಿದೆ. ಎರಡನೇ ಸಲ ಕೊಟ್ಟಿಗೆಯ ಬಾಗಿಲಲ್ಲಿ. ಮಳೆಗೆ ಜಾರಿದ್ದು ಎಂದೆ. ಮೂರನೇ ಸಲ ಬಚ್ಚಲಲ್ಲಿ ಬಿದ್ದು ಹಂಡೆಯ ಕಟ್ಟೆಗೆ ಹುಬ್ಬು ಒಡೆದುಕೊಂಡಳು. ಬಚ್ಚಲ ನೀರೆಲ್ಲ ಕೆಂಪಾಗಿತ್ತು. ಅಪ್ಪಯ್ಯ ಹೋಗಿ ಮೂರು ತಿಂಗಳೂ ತುಂಬಿರಲಿಲ್ಲ.

ನೆರೆಮನೆಯ ಜೀಪಿನಲ್ಲಿ ಕೂರಿಸಿಕೊಂಡು ಹೊರಟಾಗ ಆಯಿ, "ಡಾಕ್ಟ್ರಮ್ಮನ ಹತ್ರ ಹೋಪನ" ಅಂದಳು. "ಇದು ಬಸ್ಸು ನೋಡುವ ಕಾಯಿಲೆ ಅಲ್ಲ" ಎಂದು ಸಿಡುಕಿ, ಶಿರಸಿಯಲ್ಲಿ ಹುಬ್ಬಿಗೆ ಹೊಲಿಗೆ ಹಾಕಿಸಿ, ಸೀದಾ ಹುಬ್ಬಳ್ಳಿಗೆ ಕರೆದೊಯ್ದೆ. ಆಯಿ ದಾರಿಯುದ್ದಕ್ಕೂ ಕವಳದ ಸಂಚಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎಲೆ ಅಡಿಕೆ ಹಾಕುವುದನ್ನು ಅಪ್ಪಯ್ಯ ಹೋದಂದಿನಿಂದ ಬಿಟ್ಟಿದ್ದಳು, ಆದರೂ ಸಂಚಿ ಮಾತ್ರ ಎಲ್ಲಿ ಹೋದರೂ ಜೊತೆಗೇ.

ಹುಬ್ಬಳ್ಳಿಯ ದೊಡ್ಡ ಡಾಕ್ಟರು ಒಳ್ಳೆಯವರೇ. ಅವರ ಮೇಲೆ ನನ್ನ ದೂರಿಲ್ಲ. ನಾಡಿ ಬಹಳ ನಿಧಾನವಾಗಿದೆ ಎಂದು ಗ್ರಾಫ್ ತೆಗೆಸಿದರು. ಆಮೇಲೆ ಆಯಿಯ ಕಡೆಗೇ ತಿರುಗಿ ಕೇಳಿದರು.

"ಅಮ್ಮಾ, ಯಾವುದಾರ ಗುಳಿಗಿ ತಗೋತೀರೇನ್ರಿ?"

"ಇಲ್ಲ ಡಾಕ್ಟ್ರೇ" ಎಂದೆ ನಾನು. "ನಮ್ಮ ಆಯಿ ಜನ್ಮದಲ್ಲಿ ಒಂದು ಜ್ವರದ ಮಾತ್ರೆಯನ್ನೂ ನುಂಗಿದವಳಲ್ಲ. ಕಷಾಯ ಬಿಟ್ರೆ ಬೇರೆ ಗೊತ್ತೇ ಇಲ್ಲ."

ಹೆಮ್ಮೆಯಿಂದಲೇ ಹೇಳಿದೆ. ಅಲ್ಲಿ ನರ್ಸು, ಇಬ್ಬರು ಕಿರಿಯ ಡಾಕ್ಟರು, ಎಲ್ಲರೂ ಇದ್ದರು. ಆಯಿ ನನ್ನ ಮುಖ ನೋಡಿದಳು. ಆಮೇಲೆ ಸಂಚಿಯ ಬಾಯಿಯ ದಾರ ಎಳೆದು ಗಂಟು ಬಿಗಿ ಮಾಡಿದಳು. ಡಾಕ್ಟರು ಬರೆದುಕೊಂಡರು. ಎದೆಬಡಿತವನ್ನು ಸರಿಯಾಗಿ ನಡೆಸಲು ಚರ್ಮದ ಕೆಳಗೆ ಒಂದು ಸಣ್ಣ ಯಂತ್ರ ಕೂರಿಸಬೇಕಾಗುತ್ತದೆ, ಹುಬ್ಬಿನ ಗಾಯ ಮಾಗಲಿ, ವಾರ ಬಿಟ್ಟು ಬಂದು ಸೇರಿ ಎಂದರು. ಅಲ್ಲಿಯವರೆಗೆ ಒಬ್ಬರನ್ನೇ ಬಿಡಬೇಡಿ ಎಂದೂ ಹೇಳಿದರು.

ಆ ವಾರ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಆಯಿ ಬಚ್ಚಲಿಗೆ ಹೋದರೆ ನನ್ನ ಹೆಂಡತಿ ಬಾಗಿಲ ಹೊರಗೆ ನಿಂತಿರುತ್ತಿದ್ದಳು. ಯಂತ್ರ ಕೂರಿಸುವಾಗ ಹೆಚ್ಚುಕಮ್ಮಿಯಾದರೆ ಎಂಬ ಮಾತನ್ನು ನಾವಿಬ್ಬರೂ ನುಂಗಿಕೊಂಡು ಓಡಾಡುತ್ತಿದ್ದೆವು. ಹೋಗುವ ಮುನ್ನಾದಿನ ಆಯಿ ಒಂದೇ ಹಟ ಹಿಡಿದಳು: ಹುಬ್ಬಿನ ಹೊಲಿಗೆಯನ್ನು ಡಾಕ್ಟ್ರಮ್ಮನೇ ಬಿಚ್ಚಬೇಕು. ಹುಬ್ಬಳ್ಳಿಯಲ್ಲೇ ಬಿಚ್ಚುತ್ತಾರೆ ಎಂದರೂ ಕೇಳಲಿಲ್ಲ. ಜಗಳಕ್ಕೆ ತ್ರಾಣವಿಲ್ಲದೆ ಒಪ್ಪಿದೆ. ಹುಬ್ಬಳ್ಳಿಯ ದಪ್ಪ ಫೈಲನ್ನು ಕಂಕುಳಲ್ಲಿಟ್ಟುಕೊಂಡು ದವಾಖಾನೆಗೆ ಹೋದೆ. ಇವತ್ತು ಆ ಫೈಲಿನ ಎದುರು ಬಸ್ಸಿನ ಮಾತು ಬರಲಿಕ್ಕಿಲ್ಲ ಎಂದುಕೊಂಡಿದ್ದೆ.

ಡಾಕ್ಟ್ರಮ್ಮ ಹೊಲಿಗೆ ಬಿಚ್ಚಿದರು. ಫೈಲು ತೆರೆದು ಗ್ರಾಫ್ ನೋಡಿದರು. ಆಯಿಯ ಕೈ ಹಿಡಿದು, ಗೋಡೆಯ ಗಡಿಯಾರ ನೋಡುತ್ತ ಒಂದು ನಿಮಿಷ ನಾಡಿ ಎಣಿಸಿದರು. ನಾನು ಹುಬ್ಬಳ್ಳಿಯ ಕಥೆ ಶುರು ಮಾಡಿದೆ.

"ಮಾಸ್ತರೇ, ನೀವು ಬಸ್ಸು ನೋಡ್ಕಂಡು ಬನ್ನಿ."

"ನೋಡೋದೇನಿಲ್ಲ, ಜೀಪಿನಲ್ಲಿ ಬಂದದ್ದು" ಎಂದೆ, ಹಲ್ಲು ಕಚ್ಚಿಕೊಂಡು.

"ಆದ್ರೂ ನೋಡ್ಕಂಡು ಬನ್ನಿ."

ನಾನು ಏನಾದರೂ ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಆಯಿ, "ಹೋಗಿ ಬಾ ತಮಾ" ಅಂದಳು. ಮೂರು ತಿಂಗಳಿನಿಂದ ಅವಳು ನನ್ನನ್ನು ಹಾಗೆ ಮುದ್ದಿನಿಂದ ಕರೆದಿರಲಿಲ್ಲ. ಹೋದೆ. ಕಂಟ್ರೋಲರ್ ನನ್ನ ಮುಖ ನೋಡಿ ಈ ಸಲ ತಮಾಷೆ ಮಾಡಲಿಲ್ಲ. ಒಳಗೆ ಕರೆದು ಕುರ್ಚಿ ಕೊಟ್ಟ. ಯಾವ ಯಾವ ಬಸ್ಸು ಬಂತು, ಯಾವುದು ಹೋಯಿತು, ನನಗೆ ಗೊತ್ತಿಲ್ಲ.

ವಾಪಸು ಬಂದಾಗ ಬಾಗಿಲು ಮುಚ್ಚಿಯೇ ಇತ್ತು. ಹೊರಗೆ ಏಳೆಂಟು ಜನ ಕಾಯುತ್ತಿದ್ದರು, ಅವರಲ್ಲಿ ಬೇಗ ಹೋಗಬೇಕಾದ ಇಬ್ಬರನ್ನು ಗಂಡ ಡಾಕ್ಟರು ತಮ್ಮ ಕೋಣೆಗೆ ಕರೆದುಕೊಂಡರು. ಇನ್ನೂ ಅರ್ಧ ತಾಸು ಕಳೆದ ಮೇಲೆ ಬಾಗಿಲು ತೆರೆಯಿತು. ಆಯಿಯ ಕಣ್ಣು ಕೆಂಪಾಗಿತ್ತು, ಮುಖ ತೊಳೆದುಕೊಂಡಿದ್ದಳು. ಮೇಜಿನ ಮೇಲೆ ಕವಳದ ಸಂಚಿ ಬಾಯಿ ತೆರೆದುಕೊಂಡಿತ್ತು. ಅದರ ಪಕ್ಕದಲ್ಲಿ ಒಂದು ಮಾತ್ರೆಯ ಪಟ್ಟಿ. ಅದರ ನೀಲಿ ಅಕ್ಷರ ನನಗೆ ಗೊತ್ತಿತ್ತು, ಮೂರು ವರ್ಷ ಅದನ್ನು ಅಪ್ಪಯ್ಯನ ಕೈಯಲ್ಲಿ ನೋಡಿದ್ದೆ.

"ದಿನಾ ಬೆಳಿಗ್ಗೆ ಒಂದು ತಗತಿದ್ರು" ಎಂದರು ಡಾಕ್ಟ್ರಮ್ಮ. "ಎದೆ ಜಾಸ್ತಿ ಹೊಡ್ಕಂಡ ದಿನ ಸಂಜೆಗೂ ಒಂದು. ಇದು ಬಡಿತ ನಿಧಾನ ಮಾಡುವ ಮಾತ್ರೆ. ನಿಮ್ಮ ಅಪ್ಪಯ್ಯಂಗೆ ಬೇಕಿತ್ತು, ಇವ್ರಿಗೆ ಬೇಡ. ಬಿದ್ದದ್ದು ಇದರಿಂದಲೇ ಇರ್ಬೇಕು. ಎರಡು ಮೂರು ದಿನ ಇಲ್ಲೇ ಇರ್ಲಿ, ನಾವು ನೋಡ್ಕತೇವೆ. ನಾಳೆ ಹುಬ್ಬಳ್ಳಿಗೆ ಹೋಗೂದು ಬೇಡ."

ಗಂಡ ಡಾಕ್ಟರು ಆ ಹೊತ್ತಿಗೆ ಹುಬ್ಬಳ್ಳಿಗೆ ಫೋನು ಹಚ್ಚಿ ಮಾತಾಡುತ್ತಿದ್ದರು. "ಹೌದ್ರಿ, ಗಂಡನ ಗುಳಿಗಿ, ತೀರಿಕೊಂಡಾರ್ರಿ ಅವರು" ಎಂಬುದು ಗೋಡೆಯಾಚೆಯಿಂದ ಕೇಳಿತು. ಅಲ್ಲಿನ ಡಾಕ್ಟರೂ ಕಾದು ನೋಡೋಣ ಎಂದರಂತೆ. ದವಾಖಾನೆಯ ಹಿಂದಿನ ಕೋಣೆಯಲ್ಲಿ ಎರಡು ಮಂಚಗಳಿದ್ದವು, ಒಂದರಲ್ಲಿ ಆಯಿ ಮೂರು ದಿನ ಇದ್ದಳು. ಕಂಪೌಂಡರ್ ತಾಸಿಗೊಮ್ಮೆ ಬಂದು ನಾಡಿ ಎಣಿಸಿ ಚೀಟಿಯಲ್ಲಿ ಬರೆಯುತ್ತಿದ್ದ. ಆಯಿಯದು ಮಡಿ, ಹೊರಗಿನ ಅನ್ನ ಉಣ್ಣುವವಳಲ್ಲ ಎಂದು ತಿಳಿದು, ಡಾಕ್ಟ್ರಮ್ಮ ಹಿತ್ತಲ ಕಡೆಯ ಒಲೆಯನ್ನೇ ನನ್ನ ಹೆಂಡತಿಗೆ ಬಿಟ್ಟುಕೊಟ್ಟರು. ಯಾರೂ ಕೇಳಿರಲಿಲ್ಲ, ಅವರಿಗೇ ಹೊಳೆದದ್ದು. ಚೀಟಿಯ ಅಂಕಿ ದಿನದಿಂದ ದಿನಕ್ಕೆ ಏರಿತು. ಗಣಿತದ ಮಾಸ್ತರನಾಗಿ ನಾನು ಅಷ್ಟು ಆಸೆಯಿಂದ ನೋಡಿದ ಅಂಕಿಗಳು ಬೇರೆ ಇಲ್ಲ. ಮೂರನೇ ದಿನ ಗಂಡ ಡಾಕ್ಟರು ಫೈಲು ಮುಚ್ಚಿ, "ಮಷೀನು ಬ್ಯಾಡ್ರಿ. ನಿಮ್ಮ ತಾಯಿಯವರ ಎದಿ ಗಟ್ಟಿ ಐತಿ" ಎಂದರು. ನಾನು ಅವರೆದುರು ಕೈಮುಗಿದೆ. ನಾಚಿಕೆಯೇನೂ ಆಗಲಿಲ್ಲ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೇಳಿದೆ.

"ಅಪ್ಪಯ್ಯನ ಮಾತ್ರೆ ಎಂತಕ್ಕೆ ತಗಂಡೆ ಆಯಿ?"

"ಎದೆ ಹೊಡ್ಕತ್ತಿತ್ತು ತಮಾ. ಇವ್ಕೂ ಹಾಂಗೇ ಆಗ್ತಿತ್ತಲಿ, ಇದ್ರಲ್ಲೇ ಕಮ್ಮಿ ಆಗ್ತಿತ್ತು. ಅಷ್ಟು ಮಾತ್ರೆ ಸುಮ್ಮಂಗೆ ಹಾಳಾಗ್ತಿತ್ತು."

ಹೀರೆಕಾಯಿಯ ಸಿಪ್ಪೆಯಲ್ಲಿ ಚಟ್ನಿ, ದಾಳಿಂಬೆಯ ಸಿಪ್ಪೆಯಲ್ಲಿ ತಂಬುಳಿ ಮಾಡುವ ಮನೆ ನಮ್ಮದು. ಏನನ್ನಾದರೂ ಬಿಸಾಡುವುದೆಂದರೆ ಆಯಿಗೆ ಜೀವ ಹೋದಷ್ಟು ಸಂಕಟ. ಗಂಡ ತನ್ನ ಕೈಯಾರೆ ತಂದಿಟ್ಟ ಮಾತ್ರೆಯನ್ನು ಅವಳು ಹೇಗೆ ತಾನೇ ಬಿಸಾಡಿಯಾಳು?

"ಎಂಗೆ ಹೇಳಿದ್ರೆ ಎಂತ ಆಗ್ತಿತ್ತು?"

"ನಿಂಗೆ ಹೇಳಿರೆ ಸೀದಾ ಹುಬ್ಬಳ್ಳಿಗೇ ಸೈ."

"ಹುಬ್ಬಳ್ಳಿ ಡಾಕ್ಟ್ರು ಕೇಳಿದಾಗಾದ್ರೂ ಹೇಳಕಾಗಿತ್ತು."

ಆಯಿ ಕಿಟಕಿಯ ಹೊರಗೆ ನೋಡಿದಳು. "ಮರ್ತೇ ಹೋತು" ಅಂದಳು.

ನಾನು ಅದನ್ನು ನಂಬಿದೆ. ವಯಸ್ಸಾಯಿತು, ಗಾಬರಿಯಲ್ಲಿ ಮರೆತಿದ್ದಾಳೆ ಎಂದು ಬಂದವರಿಗೆಲ್ಲ ಹೇಳಿದೆ ಕೂಡ.

ಡಾಕ್ಟ್ರಮ್ಮ ಆಯಿಗೆ ಬೇರೆ ಔಷಧಿ ಕೊಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಬಂದುಹೋಗಬೇಕು ಎಂದಷ್ಟೇ ಹೇಳಿದರು. "ಎಂತಕ್ಕೆ?" ಎಂದು ಆಯಿ ಕೇಳಿದಾಗ, "ನಾಡಿ ನೋಡಲೆ ಅತ್ತೆ" ಅಂದರು. ನಾಡಿ ನೋಡಲು ಒಂದು ನಿಮಿಷ ಸಾಕು. ಆಯಿ ಒಳಗಿರುತ್ತಿದ್ದದ್ದು ಇಪ್ಪತ್ತೈದು ನಿಮಿಷ. ಆ ಇಪ್ಪತ್ತೈದು ನಿಮಿಷ ನಾನು ಬಸ್‌ಸ್ಟ್ಯಾಂಡಿನಲ್ಲಿ ಪೇಪರು ಓದುತ್ತಿದ್ದೆ, ಸಿಟ್ಟಿಲ್ಲದೆ. ಕಂಟ್ರೋಲರನಿಗೂ ನನಗೂ ಸ್ನೇಹವೇ ಬೆಳೆಯಿತು. ಒಳಗೆ ಅವರಿಬ್ಬರೂ ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಆದರೆ ಒಂದು ವರ್ಷದ ಹೊತ್ತಿಗೆ ಆಯಿ ಮತ್ತೆ ಎಲೆ ಅಡಿಕೆ ಹಾಕಲು ಶುರು ಮಾಡಿದಳು, ಸ್ವರ್ಣವಲ್ಲಿ ಮಠಕ್ಕೆ ಹೋಗಬೇಕು ಎಂದು ತಾನೇ ಬಾಯಿಬಿಟ್ಟು ಕೇಳಿದಳು, ಸೊಸೆಯ ಸಾರಿಗೆ ಉಪ್ಪು ಜಾಸ್ತಿ ಎಂದು ದೂರಿದಳು. ಆ ದೂರು ಕೇಳಿ ನನ್ನ ಹೆಂಡತಿ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡಳು, ಖುಷಿಗೆ. ದಿನವೂ ಮೂರು ಹೊತ್ತು ಜೊತೆಗೇ ಉಣ್ಣುತ್ತಿದ್ದ ನನಗೆ ಆಯಿಯ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಎಂದು ತಿಳಿಯಲಿಲ್ಲ. ತಿಂಗಳಿಗೆರಡು ಸಲ ನೋಡುವವರಿಗೆ ತಿಳಿಯಿತು. ಕೇಳಿದ್ದಕ್ಕೆ ತಿಳಿಯಿತು, ಮತ್ತೇನಲ್ಲ.

ಆ ಮೇಲೆ ದವಾಖಾನೆಯಲ್ಲಿ ಇನ್ನೊಂದು ಪದ್ಧತಿ ಬಂತು. ಅವರ ರೋಗಿ ಯಾರಾದರೂ ತೀರಿಕೊಂಡ ಸುದ್ದಿ ತಿಳಿದರೆ ಕಂಪೌಂಡರ್ ಆ ಊರಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮನೆಗೆ ಹೇಳಿಕಳಿಸುತ್ತಿದ್ದ: ಸೂತಕದ ದಿನವೆಲ್ಲ ಕಳೆದ ಮೇಲೆ ಉಳಿದ ಮಾತ್ರೆ, ಟಾನಿಕ್ಕು, ಎಲ್ಲ ತಂದು ಕೊಡಿ. ದುಡ್ಡು ಕೊಟ್ಟು ತಂದ ಔಷಧಿಯನ್ನು ಯಾಕೆ ಕೊಡಬೇಕು, ಯಾರಿಗಾದರೂ ಆದೀತು ಎಂದು ಗೊಣಗಿದವರು ಬಹಳ ಮಂದಿ. ದವಾಖಾನೆಯವರು ನಮ್ಮ ಮನೆಯ ಕಥೆಯನ್ನು ಯಾರಿಗೂ ಹೇಳಲಿಲ್ಲ. ನಾನೇ ಹೇಳಿದೆ. ಮದುವೆ ಊಟದ ಪಂಕ್ತಿಯಲ್ಲಿ, ಭೈರುಂಬೆ ಕಡೆಯ ನೆಂಟರ ಮನೆಯಲ್ಲಿ, ಪಾಲಕರ ಸಭೆಯಲ್ಲಿ, ನನ್ನ ದೊಡ್ಡ ಗಂಟಲು ಮೊದಲ ಸಲ ಒಂದು ಉಪಕಾರಕ್ಕೆ ಒದಗಿತು. ಕೇಳದವರಿಗೆ ಬೈದೂ ಹೇಳಿದೆ.

ಆಯಿ ಆಮೇಲೂ ಹತ್ತು ವರ್ಷ ಗಟ್ಟಿಮುಟ್ಟಾಗಿಯೇ ಇದ್ದಳು. ಹೋದದ್ದು ಎರಡು ಸಾವಿರದ ದಶಕದ ನಡುವೆ, ನಾಲ್ಕು ದಿನದ ಜ್ವರದಲ್ಲಿ. ಆ ನಾಲ್ಕು ದಿನವೂ ಗಂಡ ಡಾಕ್ಟರು ತಮ್ಮ ಹಳೆಯ ಸ್ಕೂಟರಿನಲ್ಲಿ ಮನೆಗೆ ಬಂದರು. ಹದಿಮೂರನೇ ದಿನ ಕಳೆದ ಮೇಲೆ ಉಳಿದ ಮಾತ್ರೆಗಳನ್ನು ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ.

ಆಮೇಲೆ ಒಂದು ದಿನ ಹೆಂಡತಿ ಆಯಿಯ ಪೆಟ್ಟಿಗೆ ತೆಗೆದು ಸೀರೆಗಳನ್ನು ಬಿಸಿಲಿಗೆ ಹಾಕಿದಳು. ಅವುಗಳ ನಡುವೆ ಕವಳದ ಸಂಚಿ ಇತ್ತು. ಕೈಗೆತ್ತಿಕೊಂಡು ದಾರ ಎಳೆದೆ. ಗಂಟು ಬಿಗಿಯಾಯಿತು. ಹುಬ್ಬಳ್ಳಿಯ ಆ ಕೋಣೆ ಕಣ್ಣೆದುರು ಬಂತು. ಮಾತ್ರೆಯ ಪಟ್ಟಿ ಆ ಹೊತ್ತಿನಲ್ಲಿ ಇದೇ ಸಂಚಿಯಲ್ಲಿ, ಅವಳ ತೊಡೆಯ ಮೇಲೇ ಇತ್ತಲ್ಲ. ಯಾವ ಆಕಳು ಯಾವ ತಿಂಗಳಲ್ಲಿ ಕರು ಹಾಕಿತು ಎಂಬುದನ್ನು ಇಪ್ಪತ್ತು ವರ್ಷದ ಹಿಂದಿನದೂ ಹೇಳುತ್ತಿದ್ದ ಆಯಿ, ಅವತ್ತು ಬೆಳಗ್ಗೆ ನುಂಗಿದ ಮಾತ್ರೆಯನ್ನು ಮರೆತಳೇ?

ನಿದ್ದೆ ಹೋಯಿತು. ಊಟ ಸೇರದಾಯಿತು. ತರಗತಿಯಲ್ಲಿ ಪ್ರಶ್ನೆ ಕೇಳಿ ಸುಮ್ಮನೆ ನಿಂತುಬಿಡುತ್ತಿದ್ದೆ, ಮಕ್ಕಳು ಗಾಬರಿಯಾಗಿ ತಾವೇ ಉತ್ತರ ಹೇಳತೊಡಗಿದರು. ಎರಡು ತಿಂಗಳು ನೋಡಿ ಹೆಂಡತಿ ನನ್ನನ್ನು ದವಾಖಾನೆಗೆ ಹೊರಡಿಸಿದಳು.

ದವಾಖಾನೆ ಹಾಗೇ ಇತ್ತು. ಹಳೆಯ ಕಂಪೌಂಡರ್ ಬಿಟ್ಟಿದ್ದ, ಡಾಕ್ಟ್ರಮ್ಮನ ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಕುರ್ಚಿಯಲ್ಲಿ ಕೂರುವುದರೊಳಗೆ ಹೆಂಡತಿ ಹೇಳಿ ಮುಗಿಸಿದಳು.

"ಇವ್ಕೆ ಗ್ಯಾಸು ಡಾಕ್ಟ್ರೇ. ನಿದ್ದೆ ಇಲ್ಲೆ, ಊಟ ಇಲ್ಲೆ. ಗ್ಯಾಸೇ ಸೈ."

"ನೀನು ಹೋಗಿ ಬಸ್ಸು ನೋಡ್ಕಂಡು ಬಾ ಅಕ್ಕಾ."

"ಮೊಬೈಲಲ್ಲಿ ಕೇಳಿರಾತು..."

"ಹೋಗಿ ನೋಡ್ಕಂಡು ಬಾ."

ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿ ಹೋದಳು. ಬಾಗಿಲು ಮುಚ್ಚಿತು. ಡಾಕ್ಟ್ರಮ್ಮ ಏನೂ ಕೇಳದೆ ಕೈಯನ್ನು ಮೇಜಿನ ಮೇಲಿಟ್ಟುಕೊಂಡು ಕೂತರು. ಇಷ್ಟು ವರ್ಷ ಆ ಬಾಗಿಲ ಹೊರಗೇ ಇದ್ದ ನನಗೆ ಒಳಗೆ ಹೀಗಿರುತ್ತದೆ ಎಂದು ಗೊತ್ತೇ ಇರಲಿಲ್ಲ. ಗಡಿಯಾರದ ಸದ್ದು ಕೇಳುತ್ತಿತ್ತು.

"ಅವತ್ತು ಹುಬ್ಬಳ್ಳಿಯಲ್ಲಿ" ಎಂದೆ ಕೊನೆಗೆ, "ಆಯಿಯನ್ನು ಕೇಳಿದ್ದಕ್ಕೆ ಉತ್ತರ ಹೇಳಿದ್ದು ನಾನು. ಯಾವ ಮಾತ್ರೆಯೂ ಇಲ್ಲ ಅಂದುಬಿಟ್ಟೆ. ಆಯಿ ಮರೆತಿರಲಿಲ್ಲ, ಅಲ್ವಾ?"

"ಮರೆತಿರಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಇದನ್ನ ಯಾರಿಗೂ ಹೇಳಡಿ ಅಂದಿದ್ರು. ಈಗ ಅವರೂ ಇಲ್ಲ, ನೀವಾಗೇ ಕೇಳ್ತಿದ್ರಿ, ನಿದ್ದೆ ಬೇರೆ ಬಿಟ್ಟಿದ್ರಿ" ಎಂದರು. ಆಮೇಲೆ ಪೇಟೆಯ ಮಾತು ಬಿಟ್ಟು, ಆಯಿ ಹೇಳಿದ್ದನ್ನು ಆಯಿಯ ಮಾತಿನಲ್ಲೇ ಹೇಳಿದರು.

"'ಮಗ ಮಾಸ್ತರ. ಅಷ್ಟು ಜನರ ಎದ್ರಿಗೆ ಮಾತ್ರೆ ಇಲ್ಲೆ ಹೇಳಿ ಹೇಳಿಬಿಟ್ಟ. ಆನು ಮಾತ್ರೆ ಇದ್ದು ಹೇಳಿರೆ ಅಂವನ ಮಾತು ಸುಳ್ಳಾಗ್ತು. ಮಗನ ಮಾತ್ನ ಸುಳ್ಳು ಮಾಡ್ಲಾಗ ಹೇಳಿ ಸುಮ್ಮಂಗಾದೆ.' ಹೀಗೆ ಹೇಳಿದ್ರು ನಿಮ್ಮ ಆಯಿ. ಎದೆ ಕೊಯ್ಸಿಕೊಳ್ಳುಲೂ ತಯಾರಾಗಿ ಕೂತಿದ್ರು."

ನಾನು ಮೇಜಿಗೆ ತಲೆಯಿಟ್ಟು ಅತ್ತೆ. ಐವತ್ತು ದಾಟಿದ ಮಾಸ್ತರ, ಅಪ್ಪಯ್ಯ ಹೋದಾಗಲೂ ಆಯಿ ಹೋದಾಗಲೂ ಬಂದವರಿಗೆ ಸಮಾಧಾನ ಹೇಳಿದವನು, ಸಣ್ಣ ಹುಡುಗನ ಹಾಗೆ ದನಿ ತೆಗೆದು ಅತ್ತೆ. ಡಾಕ್ಟ್ರಮ್ಮ ಎದ್ದು ಹೋಗಿ ಬೇಸಿನ್ನಿನಲ್ಲಿ ಕೈ ತೊಳೆಯುತ್ತ ನಿಂತರು, ಬಹಳ ಹೊತ್ತು ತೊಳೆದರು.

ಬಾಗಿಲು ಬಡಿದ ಸದ್ದಾಯಿತು. "ಒಂದೂ ಹತ್ತಕ್ಕೆ ಇದ್ದಡ" ಎಂದಳು ಹೆಂಡತಿ ಹೊರಗಿನಿಂದ.

ಡಾಕ್ಟ್ರಮ್ಮ ಬಾಗಿಲು ತೆರೆಯಲಿಲ್ಲ. ನಲ್ಲಿ ನಿಲ್ಲಿಸಿ, ಅಲ್ಲಿಂದಲೇ ಹೇಳಿದರು.

"ಅದರ ನಂತರದ್ದು ಎಷ್ಟೊತ್ತಿಗೆ, ನೋಡ್ಕಂಡು ಬಾ."